ಮಂಗಳನ ಬಗ್ಗೆ ಯಾವ ಪುಸ್ತಕ ಓದ್ಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಮಂಗಳ ಗ್ರಹದ ಮೇಲೆ ಓಡಾಡೋ ರೋವರ್ ಅನ್ನೋ ಯಂತ್ರಗಾಡಿಗಳ ಬಗ್ಗೆ ಒಂದು ಪುಟದ ಲೇಖನ ಹಾಕಿದ್ವಲ್ಲ, ಅದಾದ್ಮೇಲೆ ಬಂದ ಪತ್ರ, ಮೆಸೇಜು, ಇಮೇಲು ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಮಾತು, ಇದರ ಬಗ್ಗೆ ಇನ್ನೂ ಓದ್ಬೇಕು, ಪುಸ್ತಕ ಹೇಳಿ ಅಂತ. ಹಾಗಾಗಿ ಈ ಸಲದ ಕಾಲಂ ಪೂರ್ತಿ ಅದಕ್ಕೇ ಬಿಟ್ಟಿದ್ದೀನಿ.

ಪ್ರಶ್ನೆ: ನಮಸ್ತೆ ಸರ್, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಮಂಗಳದ ಬಗ್ಗೆ ಒಂದೇ ಒಂದು ಪುಸ್ತಕ ಓದೋದಾದ್ರೆ ಯಾವ್ದು ಓದ್ಲಿ? ಕಥೆ ಕಾದಂಬರಿ ಬೇಡ, ನಿಜವಾಗ್ಲೂ ನಡೆದಿದ್ದು ಬೇಕು. ಇಂಗ್ಲಿಷ್ ಆದ್ರೂ ಪರವಾಗಿಲ್ಲ, ಫಾರ್ಮುಲಾ ಮಾತ್ರ ಕಮ್ಮಿ ಇರ್ಲಿ. (ಶಿವಮೊಗ್ಗ)

ಉತ್ತರ: ಸ್ಟೀವ್ ಸ್ಕ್ವೈರ್ಸ್ ಬರೆದಿರೋ 'ರೋವಿಂಗ್ ಮಾರ್ಸ್'. 2005ರಲ್ಲಿ ಬಂದ ಪುಸ್ತಕ, ಸ್ಪಿರಿಟ್ ಮತ್ತೆ ಆಪರ್ಚುನಿಟಿ ಅನ್ನೋ ಎರಡು ರೋವರ್‌ಗಳ ಕಥೆ, ಬರೆದಿರೋರು ಆ ಯೋಜನೆಯ ಮುಖ್ಯ ವಿಜ್ಞಾನಿ. ಈ ಮನುಷ್ಯ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಓದ್ತಿದ್ದಾಗ ಮಂಗಳಕ್ಕೆ ಹೋಗಿದ್ದ ವೈಕಿಂಗ್ ನೌಕೆಗಳು ಕಳಿಸಿದ ಫೋಟೋಗಳನ್ನ ಇಟ್ಟಿದ್ದ ಕೋಣೆಗೆ ಹೋಗಿ ಗಂಟೆಗಟ್ಲೆ ನೋಡ್ತಾ ಕೂತು, ಹೊರಗೆ ಬರೋ ಹೊತ್ತಿಗೆ ಜೀವನದಲ್ಲಿ ಇದನ್ನೇ ಮಾಡ್ಬೇಕು ಅಂತ ತೀರ್ಮಾನ ಮಾಡಿಬಿಟ್ಟಿದ್ರಂತೆ. ಅಲ್ಲಿಂದ ರೋವರ್ ಹಾರೋವರೆಗೆ ಎಷ್ಟೋ ವರ್ಷ, ಅದರಲ್ಲಿ ಸುಮಾರು ಹತ್ತು ವರ್ಷ ಬರೀ ಪ್ರಪೋಸಲ್ ಬರೆಯೋದು, ನಾಸಾ ಬೇಡ ಅನ್ನೋದು, ಮತ್ತೆ ಬರೆಯೋದು.

ಇಂಜಿನಿಯರಿಂಗ್ ಓದ್ತಾ ಇರೋ ನಿಮಗೆ ಈ ಪುಸ್ತಕ ಯಾಕೆ ಅಂದ್ರೆ, ಇದರ ಅರ್ಧಕ್ಕಿಂತ ಹೆಚ್ಚು ಭಾಗ ಮಂಗಳ ಮುಟ್ಟೋಕೆ ಮುಂಚೆ ಭೂಮಿ ಮೇಲೆ ನಡೆದ ಪರದಾಟ. 1999ರಲ್ಲಿ ನಾಸಾದ ಎರಡು ಮಂಗಳ ನೌಕೆಗಳು ಹಾಳಾಗಿದ್ವು, ಆಮೇಲೆ 2000ದಲ್ಲಿ ಇವರಿಗೆ ಒಪ್ಪಿಗೆ ಸಿಕ್ತು, 2003ರ ಜೂನ್-ಜುಲೈ ಹೊತ್ತಿಗೆ ಹಾರಿಸಲೇಬೇಕು. ಯಾಕಂದ್ರೆ ಭೂಮಿ ಮತ್ತೆ ಮಂಗಳ ಸರಿಯಾದ ಜಾಗಕ್ಕೆ ಬರೋದು ಸುಮಾರು 26 ತಿಂಗಳಿಗೆ ಒಂದೇ ಸಲ, ಆ ಟೈಮ್ ತಪ್ಪಿದ್ರೆ ಎರಡು ವರ್ಷ ಕಾಯ್ಬೇಕು. ಇಷ್ಟು ಕಮ್ಮಿ ಟೈಮಲ್ಲಿ ಪ್ಯಾರಾಚೂಟ್ ಟೆಸ್ಟ್ ಮಾಡಿದ್ರೆ ಅದು ಹರಿದುಹೋಗತ್ತೆ, ಹೊಸದು ಮಾಡಿ, ಜೋರಾಗಿ ಗಾಳಿ ಬೀಸಿ ಪರೀಕ್ಷೆ ಮಾಡೋ ದೊಡ್ಡ ವಿಂಡ್ ಟನಲ್‌ನಲ್ಲಿ ಇಟ್ರೆ ಅದು ಪೂರ್ತಿ ಬಿಚ್ಚಿಕೊಳ್ಳೋದೇ ಇಲ್ಲ, ಇಳಿಯುವಾಗ ಪೆಟ್ಟು ತಡೆಯೋಕೆ ಅಂತ ಇರೋ ಏರ್‌ಬ್ಯಾಗ್ ಕಲ್ಲಿಗೆ ಬಡಿದು ಕಿತ್ತುಹೋಗತ್ತೆ, ರೋವರ್ ತೂಕ ನೋಡಿದ್ರೆ ಏರ್ತಾನೇ ಇದೆ. ಇದೆಲ್ಲಾ ಓದ್ತಾ ಕೊನೆಗೆ ಇಳೀತು ಅಂತ ನಮಗೆ ಮೊದಲೇ ಗೊತ್ತಿದ್ರೂ ಕೈ ಬೆವರತ್ತೆ.

ಸ್ಪಿರಿಟ್ ಇಳಿದಿದ್ದು 2004ರ ಜನವರಿ 4ಕ್ಕೆ. ಹದಿನೆಂಟನೇ ದಿನ ಅದು ಸರಿಯಾಗಿ ಮಾತಾಡೋದನ್ನೇ ನಿಲ್ಲಿಸ್ತು, ಕಂಪ್ಯೂಟರ್ ತಾನಾಗೇ ರೀಬೂಟ್ ಆಗ್ತಾನೇ ಇದೆ, ರಾತ್ರಿ ಮಲಗಬೇಕಾದ ರೋವರ್ ಎದ್ದೇ ಕೂತು ಬ್ಯಾಟರಿ ಖಾಲಿ ಮಾಡ್ಕೊಳ್ತಾ ಇದೆ, ಇನ್ನೊಂದು ಕಡೆ ಆಪರ್ಚುನಿಟಿ ಇಳಿಯೋಕೆ ಕೆಲವೇ ದಿನ ಬಾಕಿ. ಫ್ಲ್ಯಾಶ್ ಮೆಮೊರಿಯಲ್ಲಿ ಫೈಲುಗಳು ಜಾಸ್ತಿಯಾಗಿ ಆಗಿದ್ದ ತೊಂದರೆ ಅದು, ಕೋಟ್ಯಂತರ ಕಿಲೋಮೀಟರ್ ದೂರದಿಂದ ಅದನ್ನ ಹುಡುಕಿ ಸರಿ ಮಾಡಿದ ಭಾಗವನ್ನ ಎರಡು ಸಲ ಓದಿ, ಒಂದು ಸಲ ಕಥೆಗೆ, ಇನ್ನೊಂದು ಸಲ ಅವರು ಸಾಧ್ಯತೆಗಳನ್ನ ಒಂದೊಂದಾಗಿ ಹೇಗೆ ತೆಗೆದುಹಾಕ್ತಾ ಬಂದ್ರು ಅನ್ನೋದಕ್ಕೆ.

ಒಂದು ಕೊರತೆ ಇದೆ. 90 ದಿನಕ್ಕೆ ಅಂತ ಕಳಿಸಿದ ರೋವರ್‌ಗಳು ಪುಸ್ತಕ ಅಚ್ಚಾಗುವಾಗಲೂ ಓಡಾಡ್ತಾನೇ ಇದ್ವು, ಹಾಗಾಗಿ ಮುಂದಿನದ್ದು ಇದರಲ್ಲಿ ಇಲ್ಲ. ಸ್ಪಿರಿಟ್‌ನ ಒಂದು ಚಕ್ರ 2006ರಲ್ಲಿ ಕೆಟ್ಟು ತಿರುಗೋದು ನಿಲ್ಲಿಸ್ತು, ಅದನ್ನ ಎಳ್ಕೊಂಡೇ ಹಿಂದಕ್ಕೆ ಓಡಿಸ್ತಾ ಇದ್ರು, ಆ ಸತ್ತ ಚಕ್ರ ಕೆರೆದ ಜಾಗದಲ್ಲಿ ಬೆಳ್ಳಗಿನ ಮಣ್ಣು ಕಾಣಿಸ್ತು, ನೋಡಿದ್ರೆ ಬಹುಪಾಲು ಸಿಲಿಕಾ. ಹಿಂದೆ ಅಲ್ಲಿ ಬಿಸಿನೀರೋ ಹಬೆಯೋ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ ಆಯ್ತು. ಸ್ಪಿರಿಟ್ 2010ರವರೆಗೆ ಇತ್ತು. ಆಪರ್ಚುನಿಟಿ 45 ಕಿಲೋಮೀಟರ್ ಓಡಿ, 2018ರ ಜೂನ್‌ನಲ್ಲಿ ಇಡೀ ಗ್ರಹವನ್ನ ಮುಚ್ಚಿದ ಧೂಳಿನ ಬಿರುಗಾಳಿಯಲ್ಲಿ ಸುಮ್ಮನಾಯ್ತು. ಇಷ್ಟನ್ನ ಕೊನೆ ಪುಟದ ನಂತರ ನೀವೇ ಸೇರಿಸ್ಕೊಳ್ಳಿ.

ಪ್ರಶ್ನೆ: 'ದಿ ಮಾರ್ಷಿಯನ್' ಸಿನಿಮಾ ನೋಡಿ ಕಾದಂಬರಿನೂ ಓದಿದೆ, ಎರಡೇ ರಾತ್ರಿಗೆ ಮುಗೀತು. ಅದ್ರಲ್ಲಿ ಬರೋದು ಎಷ್ಟು ನಿಜ ಸರ್? ನಮ್ಮ ಫ್ರೆಂಡ್ಸ್ ಗ್ರೂಪಲ್ಲಿ ಇದೇ ಜಗಳ. (ಹುಬ್ಬಳ್ಳಿ)

ಉತ್ತರ: ಆಂಡಿ ವೀರ್ ಅದನ್ನ ಮೊದಲು ತಮ್ಮ ವೆಬ್‌ಸೈಟಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕ್ತಾ ಹೋಗಿದ್ದು, ಓದಿದವರು ಲೆಕ್ಕ ತಪ್ಪಿದ್ರೆ ಹೇಳ್ತಿದ್ರು, ಇವರು ತಿದ್ದುತ್ತಿದ್ರು, ದೊಡ್ಡ ಪ್ರಕಾಶಕರ ಕೈಯಿಂದ ಬಂದಿದ್ದು 2014ರಲ್ಲಿ. ಅದಕ್ಕೇ ಆಹಾರ, ನೀರು, ಆಕ್ಸಿಜನ್ ಲೆಕ್ಕ ಎಲ್ಲಾ ಅಷ್ಟು ಗಟ್ಟಿಯಾಗಿದೆ. ಕಥೆ ಶುರುವಾಗೋ ಬಿರುಗಾಳಿ ಮಾತ್ರ ನಿಜ ಅಲ್ಲ. ಮಂಗಳದ ಗಾಳಿಯ ಒತ್ತಡ ನಮ್ಮ ಭೂಮಿಯದ್ದರ ನೂರರಲ್ಲಿ ಒಂದು ಭಾಗಕ್ಕಿಂತ ಕಮ್ಮಿ, ಅಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಗಾಳಿ ಬೀಸಿದ್ರೂ ನಿಂತಿರೋ ರಾಕೆಟ್ ವಾಲಿಸೋಕೆ ಆಗಲ್ಲ, ಮೈಗೆ ತಂಗಾಳಿ ತಾಗಿದ ಹಾಗೆ ಅಷ್ಟೇ. ಲೇಖಕರಿಗೂ ಇದು ಗೊತ್ತಿತ್ತು, ಕಥೆ ಶುರು ಆಗ್ಬೇಕಲ್ಲ ಅಂತ ಇಟ್ಕೊಂಡೆ ಅಂತ ಅವರೇ ಹೇಳಿದ್ದಾರೆ.

ಇನ್ನು ಕಥೆಯ ನಾಯಕ ಮಂಗಳದ ಮಣ್ಣಲ್ಲಿ ಆಲೂಗಡ್ಡೆ ಬೆಳೆಯೋ ವಿಷಯ. 2008ರಲ್ಲಿ ಫೀನಿಕ್ಸ್ ಅನ್ನೋ ನೌಕೆ ಮಂಗಳದ ಉತ್ತರದ ಕಡೆ ಇಳಿದು ಮಣ್ಣು ಪರೀಕ್ಷೆ ಮಾಡಿದಾಗ ಪರ್‌ಕ್ಲೋರೇಟ್ ಅನ್ನೋ ಲವಣ ಸಿಕ್ತು, ಅದು ನಮ್ಮ ಥೈರಾಯ್ಡ್‌ಗೆ ಒಳ್ಳೇದಲ್ಲ, ನೀರಲ್ಲಿ ತೊಳೆದು ತೆಗೀಬಹುದು, ಆದ್ರೆ ಅಲ್ಲಿ ನೀರೇ ಚಿನ್ನ. ಹಾಗಾಗಿ ಬೆಳೆ ಅಸಾಧ್ಯ ಅಲ್ಲ, ಕಥೆಯಲ್ಲಿ ಇರೋದಕ್ಕಿಂತ ಕಷ್ಟ. ನಾಯಕ ಮರಳಿಂದ ಅಗೆದು ತೆಗೆಯೋ ಪಾತ್‌ಫೈಂಡರ್ ಅನ್ನೋ ನೌಕೆ ಮಾತ್ರ ಅಪ್ಪಟ ನಿಜ, 1997ರ ಜುಲೈ 4ಕ್ಕೆ ಇಳಿದು ಇವತ್ತಿಗೂ ಅಲ್ಲೇ ಇದೆ. ನಿಮ್ಮ ಗ್ರೂಪಲ್ಲಿ ಯಾರಿಗಾದ್ರೂ ಅದರ ನಿಜವಾದ ಕಥೆ ಬೇಕು ಅಂದ್ರೆ, ಪಾತ್‌ಫೈಂಡರ್ ಜೊತೆ ಹೋದ ಪುಟ್ಟ ರೋವರ್ ಬಗ್ಗೆ ಆಂಡ್ರೂ ಮಿಶ್ಕಿನ್ ಬರೆದ 'ಸೋಜರ್ನರ್' ಕೊಡಿ.

ಕಾದಂಬರಿಯೇ ಇನ್ನೂ ಬೇಕು, ದಪ್ಪ ಇದ್ರೂ ನಡಿಯತ್ತೆ ಅಂದ್ರೆ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ 'ರೆಡ್ ಮಾರ್ಸ್', 'ಗ್ರೀನ್ ಮಾರ್ಸ್', 'ಬ್ಲೂ ಮಾರ್ಸ್' ಮೂರು ಸಂಪುಟ ಇದೆ. ಮೊದಲನೇದು ಖಂಡಿತ ಓದಿ, ಅಲ್ಲಿ ಹೋಗಿ ನೆಲೆಸೋ ಜನ ಆ ಗ್ರಹವನ್ನ ಹಾಗೇ ಬಿಡ್ಬೇಕಾ ಬದಲಾಯಿಸ್ಬೇಕಾ ಅಂತ ಬಡಿದಾಡ್ತಾರೆ, ನಿಮ್ಮ ಜಗಳಕ್ಕೆ ಒಳ್ಳೇ ಸರಕು.

ಪ್ರಶ್ನೆ: ನಮಸ್ಕಾರ್ರೀ. ನಾನು ನಿವೃತ್ತ ಮಾಸ್ತರ. ನಾವು ಸಣ್ಣವರಿದ್ದಾಗ ಮಂಗಳದಾಗ ಕಾಲುವೆ ಅದಾವ, ಅಲ್ಲಿ ಮಂದಿ ಇದ್ದಾರ ಅಂತ ಹೇಳ್ತಿದ್ರು. ಅಷ್ಟು ದೊಡ್ಡ ವಿಜ್ಞಾನಿಗಳು ಹೆಂಗ ತಪ್ಪಿದ್ರು? ಇದನ್ನ ಚೊಲೋತ್ನಾಗಿ ಬಿಡಿಸಿ ಹೇಳೋ ಪುಸ್ತಕ ಅದಾವೇನ್ರೀ? (ಧಾರವಾಡ)

ಉತ್ತರ: ನಮಸ್ಕಾರ ಸರ್. ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದು. ಸಾರಾ ಸ್ಟೀವರ್ಟ್ ಜಾನ್ಸನ್ ಅವರ 'ದಿ ಸೈರನ್ಸ್ ಆಫ್ ಮಾರ್ಸ್' ಅಂತ 2020ರಲ್ಲಿ ಬಂದಿದೆ, ನಿಮಗೆ ಅದೇ ಬೇಕಾಗಿರೋದು. ಅವರು ಸ್ವತಃ ಮಂಗಳ ವಿಜ್ಞಾನಿ, ಬರವಣಿಗೆಯಂತೂ ಲಲಿತ ಪ್ರಬಂಧದ ಥರ ಇದೆ.

ಕಥೆ ಹೀಗೆ. 1877ರಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದಿದ್ದಾಗ ಇಟಲಿಯ ಖಗೋಳ ವಿಜ್ಞಾನಿ ಸ್ಕಿಯಾಪರೆಲ್ಲಿ ಅದರ ಮೇಲೆ ಗೆರೆ ಗೆರೆ ಕಂಡು ನಕ್ಷೆ ಬರೆದ್ರು. ಅಮೆರಿಕದ ಪರ್ಸಿವಲ್ ಲೊವೆಲ್ ಸಿರಿವಂತರು, 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಸ್ವಂತ ಖರ್ಚಲ್ಲಿ ವೀಕ್ಷಣಾಲಯ ಕಟ್ಟಿಸಿ, ಮರುವರ್ಷವೇ 'ಮಾರ್ಸ್' ಅಂತ ಪುಸ್ತಕ ಬರೆದ್ರು. ಒಣಗ್ತಾ ಇರೋ ಗ್ರಹದಲ್ಲಿ ಬುದ್ಧಿವಂತ ಜೀವಿಗಳು ಧ್ರುವದ ಹಿಮ ಕರಗಿದ ನೀರನ್ನ ಕಾಲುವೆಯಲ್ಲಿ ಹೊಲಗಳಿಗೆ ಹರಿಸ್ತಾ ಇದ್ದಾರೆ ಅಂತ ಅವರ ವಾದ. ಜನ ಹುಚ್ಚೆದ್ದು ಓದಿದ್ರು. ಆದ್ರೆ ಆಗಲೇ ಒಪ್ಪದವರೂ ಇದ್ರು ಸರ್, ಇದು ಮುಖ್ಯ. 1903ರಲ್ಲಿ ಇಂಗ್ಲೆಂಡಿನ ಮಾಂಡರ್ ಅನ್ನೋ ಖಗೋಳ ವಿಜ್ಞಾನಿ ಗ್ರೀನಿಚ್‌ನ ಶಾಲೆಯ ಹುಡುಗರನ್ನ ಕೂರಿಸಿ, ದೂರದಲ್ಲಿ ಒಂದು ಚಿತ್ರ ಇಟ್ಟು, ಕಂಡಿದ್ದನ್ನ ಬರೀರಿ ಅಂದ್ರು. ಚಿತ್ರದಲ್ಲಿ ಇದ್ದಿದ್ದು ಚುಕ್ಕಿಗಳು, ಅಡ್ಡಾದಿಡ್ಡಿ ಗುರುತುಗಳು ಮಾತ್ರ, ದೂರ ಕೂತ ಎಷ್ಟೋ ಹುಡುಗರು ನೇರ ಗೆರೆ ಬರೆದುಕೊಟ್ರು! ಕಣ್ಣಿಗೆ ಅಸ್ಪಷ್ಟವಾಗಿ ಕಂಡಿದ್ದನ್ನ ಮನಸ್ಸು ಜೋಡಿಸಿಕೊಳ್ಳತ್ತೆ. ನೀವು ಮಾಸ್ತರರು, ತರಗತಿಯಲ್ಲಿ ಮಾಡಿ ತೋರಿಸೋಕೆ ಇದಕ್ಕಿಂತ ಒಳ್ಳೇ ಪ್ರಯೋಗ ಇಲ್ಲ, ಮೊಮ್ಮಕ್ಕಳು ಇದ್ರೆ ಮನೆಯಲ್ಲೇ ಮಾಡಿ.

ಆಮೇಲೆ 1907ರಲ್ಲಿ ಆಲ್ಫ್ರೆಡ್ ರಸೆಲ್ ವಾಲೆಸ್, ಡಾರ್ವಿನ್ ಜೊತೆಜೊತೆಗೇ ವಿಕಾಸವಾದದ ಮೂಲ ವಿಚಾರ ಹೇಳಿದವರು, ತಮ್ಮ 84ನೇ ವಯಸ್ಸಲ್ಲಿ ಲೊವೆಲ್ ವಾದಕ್ಕೆ ಉತ್ತರವಾಗಿ ಒಂದು ಪುಟ್ಟ ಪುಸ್ತಕ ಬರೆದ್ರು, 'ಈಸ್ ಮಾರ್ಸ್ ಹ್ಯಾಬಿಟೆಬಲ್' ಅಂತ. ಅಲ್ಲಿ ಚಳಿ ಎಷ್ಟಿರಬಹುದು, ಗಾಳಿ ಎಷ್ಟು ತೆಳುವಿರಬಹುದು ಅಂತ ಲೆಕ್ಕ ಹಾಕಿ, ತೆರೆದ ಕಾಲುವೆಯಲ್ಲಿ ನೀರು ಅಷ್ಟು ದೂರ ಹರಿಯೋಕೇ ಸಾಧ್ಯ ಇಲ್ಲ ಅಂತ ತೋರಿಸಿದ್ರು. ಇದೂ ಲೊವೆಲ್ ಪುಸ್ತಕಗಳೂ ಹಳೇವು, ಕಾಪಿರೈಟ್ ಮುಗಿದಿದೆ, ಇಂಟರ್‌ನೆಟ್ಟಲ್ಲಿ ಪುಕ್ಕಟೆ ಸಿಗತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿ ಸರ್, ಲೊವೆಲ್ ಬರವಣಿಗೆಯೇ ಹೆಚ್ಚು ಸೊಗಸು, ವಾಲೆಸ್ ಲೆಕ್ಕವೇ ಸರಿ. ಕೊನೆಗೆ 1965ರ ಜುಲೈನಲ್ಲಿ ಮ್ಯಾರಿನರ್ 4 ಹತ್ತಿರದಿಂದ ಹಾದುಹೋಗಿ ಇಪ್ಪತ್ತೆರಡು ಫೋಟೋ ಕಳಿಸಿದಾಗ ಕಂಡಿದ್ದು ಚಂದ್ರನ ಮೇಲಿನ ಥರದ್ದೇ ಕುಳಿಗಳು, ಕಾಲುವೆ ಒಂದೂ ಇಲ್ಲ.

ಆದ್ರೂ ಲೊವೆಲ್‌ನ ಪೂರ್ತಿ ತೆಗೆದುಹಾಕೋಕೆ ನನಗೆ ಮನಸ್ಸಿಲ್ಲ. ಆ ಕಾಲುವೆಗಳ ಗಾಳಿಯಲ್ಲೇ 1898ರಲ್ಲಿ ಎಚ್. ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಹುಟ್ಟಿದ್ದು, ಆಮೇಲೆ ಎಡ್ಗರ್ ರೈಸ್ ಬರೋಸ್ ಅವರ ಮಂಗಳದ ಕಥೆಗಳು, ಅವನ್ನ ಓದಿ ಬೆಳೆದ ಹುಡುಗರಲ್ಲಿ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಒಬ್ಬರು, ಅದೇ ಸೇಗನ್ ಮುಂದೆ ವೈಕಿಂಗ್ ತಂಡದಲ್ಲಿ ಕೆಲಸ ಮಾಡಿದ್ರು. ಅವರ 'ಕಾಸ್ಮೋಸ್' ಪುಸ್ತಕದಲ್ಲಿ ಮಂಗಳಕ್ಕೆ ಅಂತಲೇ ಒಂದು ಅಧ್ಯಾಯ ಇದೆ, ಅದನ್ನೂ ನೋಡಿ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಮಂಗಳಯಾನದ ಬಗ್ಗೆ ತುಂಬಾ ಆಸಕ್ತಿ, ಇಸ್ರೋ ಸೇರ್ತೀನಿ ಅಂತಾಳೆ. ಅವಳಿಗೆ ಏನು ಕೊಡಿಸ್ಲಿ? ಕನ್ನಡದಲ್ಲೇ ಇದ್ರೆ ಚೆನ್ನಾಗಿತ್ತು. (ಮೈಸೂರು)

ಉತ್ತರ: ಮೊದಲು ಆಕಾಶದಿಂದ ಶುರು ಮಾಡಿಸಿ ಮೇಡಂ. ಜಿ. ಟಿ. ನಾರಾಯಣರಾಯರ 'ನಕ್ಷತ್ರ ವೀಕ್ಷಣೆ' ಲೈಬ್ರರಿಯಲ್ಲಿ ಹುಡುಕಿ, ಮಂಗಳ ಯಾವ ನಕ್ಷತ್ರಗಳ ಮುಂದೆ ಹಾದುಹೋಗ್ತಿದೆ ಅಂತ ಅವಳೇ ಕಂಡುಹಿಡೀಲಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯ ಹಳೇ ಸಂಚಿಕೆಗಳು ಶಾಲೆಯಲ್ಲಿ ಇದ್ರೆ ಅವನ್ನೂ ಕೇಳಿ ತರಿಸಿ.

ಮಂಗಳಯಾನಕ್ಕೆ ಬಂದ್ರೆ ನಾನು ಹೇಳೋ ಎರಡು ಪುಸ್ತಕನೂ ಇಂಗ್ಲಿಷ್‌ದು, ನೀವು ಜೊತೆಗೆ ಕೂತು ಓದಿ ಹೇಳ್ಬೇಕಾಗತ್ತೆ. ಮಿನ್ನಿ ವೈದ್ ಅವರ 'ದೋಸ್ ಮ್ಯಾಗ್ನಿಫಿಸೆಂಟ್ ವಿಮೆನ್ ಅಂಡ್ ದೆರ್ ಫ್ಲೈಯಿಂಗ್ ಮಷೀನ್ಸ್' ಇಸ್ರೋದ ಹೆಣ್ಣುಮಕ್ಕಳನ್ನ ಮಾತಾಡಿಸಿ ಬರೆದಿರೋದು, ಮನೆ, ಓದು, ಕೆಲಸ ಎಲ್ಲಾ ಬರತ್ತೆ, ನಿಮ್ಮ ಮಗಳಿಗೆ ಮೊದಲು ಅದು. ಎರಡನೇದು 'ಫ್ರಮ್ ಫಿಶಿಂಗ್ ಹ್ಯಾಮ್ಲೆಟ್ ಟು ರೆಡ್ ಪ್ಲಾನೆಟ್', ಕೇರಳದ 'ತುಂಬಾ' ಅನ್ನೋ ಮೀನುಗಾರರ ಹಳ್ಳಿಯಿಂದ ಮಂಗಳದವರೆಗೆ ಇಸ್ರೋದವರೇ ಬರೆದ ಲೇಖನಗಳು, ದಪ್ಪ ಪುಸ್ತಕ, ಅವಳು ಪಿಯುಸಿಗೆ ಬಂದ್ಮೇಲೆ ಸಾಕು.

ಅಲ್ಲಿವರೆಗೆ ಕಥೆಯನ್ನ ನೀವೇ ಹೇಳಿ, ಹೇಳೋಕೆ ಎಷ್ಟೊಂದಿದೆ. 2013ರ ನವೆಂಬರ್ 5ಕ್ಕೆ ಶ್ರೀಹರಿಕೋಟಾದಿಂದ ಹಾರಿದ ನೌಕೆ, ಅದರ ದೊಡ್ಡ ಇಂಜಿನ್ ಭೂಮಿ ಬಿಟ್ಟ ಮೇಲೆ ಸುಮಾರು 300 ದಿನ ಉರಿದೇ ಇರಲಿಲ್ಲ. ಅಷ್ಟು ದಿನ ಚಳಿಯಲ್ಲಿ ಸುಮ್ಮನಿದ್ದ ಇಂಜಿನ್ ಮತ್ತೆ ಹೊತ್ತಿಕೊಳ್ಳತ್ತಾ ಅನ್ನೋದೇ ಎಲ್ಲರ ಭಯ. 2014ರ ಸೆಪ್ಟೆಂಬರ್ 22ಕ್ಕೆ ಬರೀ ನಾಲ್ಕು ಸೆಕೆಂಡು ಉರಿಸಿ ನೋಡಿದ್ರು, ಉರೀತು. ನೌಕೆ ವೇಗ ತಗ್ಗಿಸಿ ಮಂಗಳದ ಸುತ್ತ ಸುತ್ತೋಕೆ ಶುರು ಮಾಡ್ಬೇಕು ಅಂದ್ರೆ 24ರ ಬೆಳಗ್ಗೆ ಅದು ಸುಮಾರು 24 ನಿಮಿಷ ಉರೀಬೇಕಿತ್ತು, ಅದು ಮುಗಿಯೋ ಹೊತ್ತಿಗೆ ನೌಕೆ ಮಂಗಳದ ಹಿಂದೆ ಮರೆಯಾಗಿತ್ತು, ಸಿಗ್ನಲ್ ಇಲ್ಲಿಗೆ ಬರೋಕೇ ಹನ್ನೆರಡು ನಿಮಿಷ, ಬೆಂಗಳೂರಿನ ಪೀಣ್ಯದ ಕಂಟ್ರೋಲ್ ರೂಮಲ್ಲಿ ಎಲ್ಲರೂ ಪರದೆ ನೋಡ್ಕೊಂಡು ಕೂತಿದ್ರು. ಅಷ್ಟು ದೂರದ ಮಾತು ಕೇಳಿಸಿಕೊಳ್ಳೋಕೆ ಅಂತ ಇರೋ 32 ಮೀಟರ್ ಅಗಲದ ಆಂಟೆನಾ ಬೆಂಗಳೂರು ಪಕ್ಕದ ಬ್ಯಾಲಾಳುವಿನಲ್ಲೇ ಇದೆ. ಆರು ತಿಂಗಳಿಗೆ ಅಂತ ಕಳಿಸಿದ್ದು 2022ರವರೆಗೆ ಸಂಪರ್ಕದಲ್ಲಿತ್ತು. ನೌಕೆಯಲ್ಲಿ ಯಾವ ಉಪಕರಣ ಹೋಗ್ಬೇಕು ಅಂತ ಆರಿಸಿದ ಸಮಿತಿಯ ಅಧ್ಯಕ್ಷರು ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್, ಆ ಉಪಕರಣಗಳನ್ನ ತಯಾರು ಮಾಡಿಸೋದ್ರಲ್ಲಿ ಮುಂದೆ ನಿಂತವರು ಹಾಸನ ಕಡೆಯ ಎ. ಎಸ್. ಕಿರಣ್ ಕುಮಾರ್. ಇನ್ನೊಂದು ಹೆಸರು, ಸ್ವಾತಿ ಮೋಹನ್, ಹುಟ್ಟಿದ್ದು ಬೆಂಗಳೂರಲ್ಲಿ, 2021ರ ಫೆಬ್ರವರಿ 18ಕ್ಕೆ ನಾಸಾದ ಪರ್ಸಿವಿಯರೆನ್ಸ್ ರೋವರ್ ಮಂಗಳ ಮುಟ್ಟಿತು ಅಂತ ಕಂಟ್ರೋಲ್ ರೂಮಿಂದ ಜಗತ್ತಿಗೆ ಹೇಳಿದ್ದು ಅವರ ದನಿ. ಆ ವಿಡಿಯೋ ಮಗಳಿಗೆ ತೋರಿಸಿ.

ಇದನ್ನ ಬರೀತಾ ಒಂದು ಆಸೆ ಹೇಳ್ಕೊಳ್ತೀನಿ. ಸ್ಕ್ವೈರ್ಸ್ ತಮ್ಮ ರೋವರ್‌ಗಳ ಬಗ್ಗೆ ಬರೆದ ಹಾಗೆ, ಪೀಣ್ಯದಲ್ಲಿ ಆ ಬೆಳಗ್ಗೆ ಕೂತಿದ್ದವರು, ಬ್ಯಾಲಾಳು ಆಂಟೆನಾ ನೋಡ್ಕೊಂಡವರು, ತಮ್ಮ ಜಗಳ, ಸೋಲು, ನಿದ್ದೆಗೆಟ್ಟ ರಾತ್ರಿ ಎಲ್ಲಾ ಸೇರಿಸಿ ಕನ್ನಡದಲ್ಲಿ ದಪ್ಪನೆಯ ಪುಸ್ತಕ ಬರೀಬೇಕು. ಅವರಲ್ಲಿ ಕನ್ನಡ ಮಾತಾಡೋರು ಎಷ್ಟೋ ಜನ ಇದ್ದಾರೆ. ಇದನ್ನ ಓದ್ತಿರೋರಲ್ಲಿ ಅಂಥವರು ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ, ನಿವೃತ್ತಿ ಆದ್ಮೇಲೆ ನೋಡೋಣ ಅಂತ ಬಿಡ್ಬೇಡಿ, ನೆನಪು ಹಸಿಯಾಗಿರುವಾಗಲೇ ಬರೀರಿ.

ಪ್ರಶ್ನೆ: ಮನುಷ್ಯ ಮಂಗಳದಲ್ಲಿ ಊರು ಕಟ್ತಾನೆ ಅಂತ ಒಬ್ಬರು, ಆಗೋದೇ ಇಲ್ಲ ಅಂತ ಇನ್ನೊಬ್ಬರು. ಸೋಷಿಯಲ್ ಮೀಡಿಯಾದಲ್ಲಿ ಬರೀ ಕೂಗಾಟ. ಸರಿಯಾಗಿ ವಾದ ಮಾಡಿರೋ ಪುಸ್ತಕ ಹೇಳಿ. (ಬೆಂಗಳೂರು)

ಉತ್ತರ: ಎರಡು ಓದಿ, ಒಂದು ಓದಿ ನಿಲ್ಲಿಸ್ಬೇಡಿ. ಮೊದಲು ರಾಬರ್ಟ್ ಝುಬ್ರಿನ್ ಅವರ 'ದಿ ಕೇಸ್ ಫಾರ್ ಮಾರ್ಸ್', 1996ರದ್ದು. ವಾಪಸ್ ಬರೋ ಇಂಧನವನ್ನ ಇಲ್ಲಿಂದ ಹೊತ್ಕೊಂಡು ಹೋಗೋದು ಯಾಕೆ, ಮಂಗಳದ ಗಾಳಿಯಲ್ಲಿ ತುಂಬಿರೋ ಕಾರ್ಬನ್ ಡೈಆಕ್ಸೈಡ್‌ಗೆ ಸ್ವಲ್ಪ ಹೈಡ್ರೋಜನ್ ಸೇರಿಸಿ ಅಲ್ಲೇ ಮೀಥೇನ್ ಮಾಡ್ಕೊಳ್ಳಿ ಅನ್ನೋದು ಅವರ ಮೂಲ ವಿಚಾರ. ಓದಿದ್ರೆ ನಾಳೆಯೇ ಹೊರಡೋಣ ಅನ್ಸತ್ತೆ. ಅಲ್ಲಿನ ಗಾಳಿಯಿಂದಲೇ ಬೇಕಾದ್ದು ಮಾಡ್ಕೊಳ್ಳೋ ವಿಚಾರ ಕನಸು ಅಲ್ಲ ಅಂತ ಪರ್ಸಿವಿಯರೆನ್ಸ್‌ನಲ್ಲಿದ್ದ ಮಾಕ್ಸಿ ಅನ್ನೋ ಉಪಕರಣ ತೋರಿಸ್ತು, 2021ರಿಂದ 2023ರವರೆಗೆ ಮಂಗಳದ ಗಾಳಿಯಿಂದ ಒಟ್ಟು 122 ಗ್ರಾಂ ಆಕ್ಸಿಜನ್ ಮಾಡ್ತು. ಒಬ್ಬ ಮನುಷ್ಯನಿಗೆ ಒಂದು ದಿನಕ್ಕೂ ಸಾಲಲ್ಲ, ಆದ್ರೆ ದಾರಿ ಇದೆ ಅಂತ ಗೊತ್ತಾಯ್ತು.

ಎರಡನೇದು 2023ರಲ್ಲಿ ಕೆಲ್ಲಿ ಮತ್ತು ಝಾಕ್ ವೀನರ್‌ಸ್ಮಿತ್ ದಂಪತಿ ಬರೆದ 'ಎ ಸಿಟಿ ಆನ್ ಮಾರ್ಸ್'. ರಾಕೆಟ್ ಬಿಟ್ಟು ಉಳಿದಿದ್ದನ್ನ ಕೇಳ್ತಾರೆ. ಭೂಮಿಯ ನೂರಕ್ಕೆ 38ರಷ್ಟೇ ಗುರುತ್ವ ಇರೋ ಜಾಗದಲ್ಲಿ ಬಸಿರು, ಬಾಣಂತನ ಏನಾಗತ್ತೆ? ಮಗುವಿನ ಮೂಳೆ ಹೇಗೆ ಬೆಳೆಯತ್ತೆ? 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಅಲ್ಲಿ ಜಾಗ ನಮ್ಮದು ಅನ್ನೋ ಹಾಗಿಲ್ಲ, ಹಾಗಿದ್ಮೇಲೆ ಊರು ಯಾರದ್ದು, ಕಂಪನಿ ಕೆಲಸದಿಂದ ತೆಗೆದ್ರೆ ಉಸಿರಾಡೋ ಗಾಳಿ ಯಾರು ಕೊಡ್ತಾರೆ? ನನಗೆ ಈ ಪುಸ್ತಕದ ವಾದವೇ ಹೆಚ್ಚು ತೂಕದ್ದು ಅನ್ಸತ್ತೆ. ಹೋಗೋದೇ ಬೇಡ ಅಂತ ಅಲ್ಲ, ಹೋಗಿ ಬರೋದು ಬೇರೆ, ಮಕ್ಕಳು ಮರಿ ಜೊತೆ ನೆಲೆಸೋದು ಬೇರೆ, ಝುಬ್ರಿನ್ ಪುಸ್ತಕ ಮೊದಲನೇದಕ್ಕೆ ತುಂಬಾ ಚೆನ್ನಾಗಿ ಉತ್ತರ ಕೊಡತ್ತೆ, ಎರಡನೇದರಲ್ಲಿ ಬೇಗ ಬೇಗ ಮುಂದೆ ಹೋಗಿಬಿಡತ್ತೆ.

ಪ್ರಶ್ನೆ: ಕ್ಯೂರಿಯಾಸಿಟಿ ರೋವರ್‌ನ ಹಗ್ಗದಲ್ಲಿ ಇಳಿಸಿದ್ರಲ್ಲ, ಆ ಇಂಜಿನಿಯರಿಂಗ್ ಬಗ್ಗೆ ಮಾತ್ರ ಓದ್ಬೇಕು. (ಕುಂದಾಪುರ)

ಉತ್ತರ: ಕಥೆಯಾಗಿ ಬೇಕು ಅಂದ್ರೆ ಅದರ ಚೀಫ್ ಇಂಜಿನಿಯರ್ ರಾಬ್ ಮ್ಯಾನಿಂಗ್ ಅವರ 'ಮಾರ್ಸ್ ರೋವರ್ ಕ್ಯೂರಿಯಾಸಿಟಿ'. ಸುಮಾರು 900 ಕಿಲೋ ತೂಕದ ಗಾಡಿಗೆ ಏರ್‌ಬ್ಯಾಗ್ ಸಾಲಲ್ಲ ಅಂತ ಗೊತ್ತಾದ ಮೇಲೆ ಹಗ್ಗದ ಯೋಚನೆ ಹೇಗೆ ಬಂತು, ಯಾರ್ಯಾರು ನಂಬಲಿಲ್ಲ, ಎಲ್ಲಾ ಇದೆ. ಒಂದೊಂದು ಮೋಟರು, ಒಂದೊಂದು ಕ್ಯಾಮೆರಾ ಬಿಡದೆ ಬೇಕು ಅಂದ್ರೆ ಎಮಿಲಿ ಲಕ್ಡವಾಲಾ ಅವರ 'ದಿ ಡಿಸೈನ್ ಅಂಡ್ ಇಂಜಿನಿಯರಿಂಗ್ ಆಫ್ ಕ್ಯೂರಿಯಾಸಿಟಿ', ಇದು ಒಂದೇ ಸಲಕ್ಕೆ ಓದಿ ಮುಗಿಸೋದಲ್ಲ, ಕೈಗೆ ಸಿಗೋ ಹಾಗೆ ಇಟ್ಕೊಂಡು ಬೇಕಾದಾಗ ತೆಗೆದು ನೋಡೋದು.

ಪ್ರಶ್ನೆ: ಇವೆಲ್ಲಾ ಕೊಳ್ಳೋಕೆ ದುಡ್ಡು ಜಾಸ್ತಿ ಆಗತ್ತಲ್ವಾ? (ತುಮಕೂರು)

ಉತ್ತರ: ಆಗತ್ತೆ, ಲಕ್ಡವಾಲಾ ಪುಸ್ತಕ ಅಂತೂ ತುಂಬಾ ದುಬಾರಿ, ಅದನ್ನ ಕಾಲೇಜ್ ಲೈಬ್ರರಿಗೆ ತರಿಸಿ ಅಂತ ಬರೆದುಕೊಡಿ. 'ದಿ ಮಾರ್ಷಿಯನ್', 'ಕಾಸ್ಮೋಸ್' ಎರಡೂ ತುಂಬಾ ಮಾರಾಟವಾದ ಪುಸ್ತಕಗಳು, ಬೆಂಗಳೂರಿಗೆ ಬಂದಾಗ ಚರ್ಚ್ ಸ್ಟ್ರೀಟಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿ. 'ರೋವಿಂಗ್ ಮಾರ್ಸ್' ಹಳೇ ಪ್ರತಿ ಸಿಕ್ಕಿದ್ರೆ ಬಿಡ್ಬೇಡಿ. ಲೊವೆಲ್, ವಾಲೆಸ್ ಪುಕ್ಕಟೆ ಅಂತ ಮೇಲೇ ಗೊತ್ತಾಯ್ತಲ್ಲ, ವೆಲ್ಸ್ ಕೂಡ ಹಾಗೇ. ಮಂಗಳಯಾನದ ಕ್ಯಾಮೆರಾ ತೆಗೆದ ಚಿತ್ರಗಳನ್ನ ಸೇರಿಸಿ ಇಸ್ರೋ 2015ರಲ್ಲಿ ಒಂದು ಮಾರ್ಸ್ ಅಟ್ಲಾಸ್ ಮಾಡಿತ್ತು, ದುಡ್ಡು ಕೊಡದೆ ನೋಡಬಹುದಾಗಿದ್ದ ಪಿಡಿಎಫ್ ಅದು, ಸಿಕ್ಕಿದ್ರೆ ದೊಡ್ಡ ಪರದೆಯಲ್ಲಿ ತೆಗೆದು ನೋಡಿ, ಮೊಬೈಲಲ್ಲಿ ಬೇಡ.